ಜಾಮರ್ ಹಾಕಿದರೆ ಜೈಲಿನೊಳಗಿನ ದಂಧೆ ನಿಲ್ಲುತ್ತದಾ?

ಮೊಬೈಲ್ ಸಿಗ್ನಲ್ ತಡೆಯುವ ಒಳ್ಳೆಯ ಜಾಮರ್, ನಾಲ್ಕು ಕ್ಯಾಮೆರಾ ಹಾಕಿದರೆ ಜೈಲಿಗೆ ಫೋನ್, ಗಾಂಜಾ ಹೋಗುವುದೂ ಒಳಗೆ ಕೂತು ಗ್ಯಾಂಗ್ ನಡೆಸುವುದೂ ನಿಲ್ಲುವುದಿಲ್ವಾ ಎಂದು ಕೇಳಿದ್ದೀರಿ. ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ನಾನು ಕಾಸರಗೋಡಿನಲ್ಲಿ ವಕೀಲ. ಕಕ್ಷಿದಾರರನ್ನು ನೋಡಲು ನಮ್ಮ ಜಿಲ್ಲೆಯ ಹೊಸದುರ್ಗ, ಕಣ್ಣೂರು, ಮಂಗಳೂರು ಜೈಲುಗಳಿಗೆ ಹೋಗಿ ಬರುತ್ತಿರುತ್ತೇನೆ.

ಜಾಮರ್ ವಿಷಯ ಬೇಗ ಮುಗಿಸುತ್ತೇನೆ. ಮಂಗಳೂರಿನ ಕೊಡಿಯಾಲ್‌ಬೈಲ್ ಜೈಲು ಊರ ನಡುವೆಯೇ ಇದೆ. 2025ರಲ್ಲಿ ಅಲ್ಲಿ ಜಾಮರ್ ಹಾಕಿದಾಗ ಸುತ್ತಲಿನ ಮನೆ, ಅಂಗಡಿಯವರ ಫೋನೇ ಕೈಕೊಟ್ಟಿತು. ಜನ ಪ್ರತಿಭಟನೆಗೆ ಇಳಿದರು. ಅದೇ ವರ್ಷ ಜುಲೈನಲ್ಲಿ ಕಣ್ಣೂರು ಸೆಂಟ್ರಲ್ ಜೈಲಿನಿಂದ ಜೀವಾವಧಿ ಕೈದಿ ಗೋವಿಂದಚಾಮಿ ಸರಳು ಕತ್ತರಿಸಿ, ಬಟ್ಟೆ ಕಟ್ಟಿ ಗೋಡೆ ಹಾರಿದ. ಸರಳು ಕತ್ತರಿಸುವುದನ್ನು ಯಾವ ಜಾಮರ್ ತಡೆಯುತ್ತದೆ ಹೇಳಿ?

ನನ್ನನ್ನು ಕೇಳಿದರೆ ಈ ದಂಧೆ ಅರ್ಥವಾಗಲು ಶುರು ಮಾಡಬೇಕಾದ್ದು ಬೀಡಿಯಿಂದ. ನಗಬೇಡಿ. ಕೇರಳದ ಜೈಲುಗಳಲ್ಲಿ ಬೀಡಿ ಸೇದುವಂತಿಲ್ಲ. ಹಾಗಾಗಿ ಒಳಗೆ ಒಂದು ಕಟ್ಟಿನ ಬೆಲೆ ಹೊರಗಿನದಕ್ಕಿಂತ ಎಷ್ಟೋ ಪಟ್ಟು. ಕಟ್ಟು, ಹೊಗೆಸೊಪ್ಪು, ಲೈಟರ್ ಎಲ್ಲ ಸೇರಿಸಿ ಟೇಪ್ ಸುತ್ತಿ ಚೆಂಡಿನಂತೆ ಉಂಡೆ ಮಾಡುತ್ತಾರೆ. ಬೈಕಿನ ಎಂಜಿನ್ ಕೂಡ ಆರಿಸದೆ ಗೋಡೆಯಾಚೆ ಎಸೆದು ಹೋಗುತ್ತಾರೆ. ಒಳಗೆ ಅಂಗಳ ಗುಡಿಸುವವನು ಹೆಕ್ಕಿಕೊಳ್ಳುತ್ತಾನೆ. ನಾಳೆ ಇದೇ ದಾರಿಯಲ್ಲಿ ಫೋನ್ ಬರುತ್ತದೆ, ನಾಡಿದ್ದು ಎಂಡಿಎಂಎ ಎಂಬ ಮಾದಕವಸ್ತು.

ಇನ್ನೂ ದೊಡ್ಡ ತಲೆನೋವು ಸಾಲ. ಕೇರಳ-ಕರ್ನಾಟಕದ ತಲಪಾಡಿ ಗಡಿಯಲ್ಲಿ ಎರಡು ಗ್ರಾಂ ಎಂಡಿಎಂಎ ಜೊತೆ ಸಿಕ್ಕಿಬಿದ್ದ ಹುಡುಗನನ್ನು ನೆನೆಸಿಕೊಳ್ಳಿ. ಯಾವ ಗ್ಯಾಂಗೂ ಇಲ್ಲ. ವಿಚಾರಣಾಧೀನ ಕೈದಿ, ಅಂದರೆ ಕೇಸಿನ ತೀರ್ಪು ಇನ್ನೂ ಬಂದಿಲ್ಲ; ಕೆಲಸವಿಲ್ಲ, ಕೂಲಿಯಿಲ್ಲ. ಬೀಡಿ ಬೇಕು, ಅಮ್ಮನಿಗೆ ಫೋನ್ ಮಾಡಬೇಕು. ಎರಡೂ ಬ್ಲಾಕಿನ 'ಅಣ್ಣ'ನ, ಅಂದರೆ ಅಲ್ಲಿ ದಂಧೆ ನಡೆಸುವ ಹಳೇ ಕೈದಿಯ ಹತ್ತಿರ ಇದೆ. ದುಡ್ಡು ಆಮೇಲೆ ಕೊಡು ಎನ್ನುತ್ತಾನೆ ಅಣ್ಣ. ಆಮೇಲೆ ಅಣ್ಣನ ಫೋನ್ ಹುಡುಗನ ಚಾಪೆಯ ಅಡಿಗೆ ಬರುತ್ತದೆ, ತಪಾಸಣೆಯಾದರೆ ಕೇಸು ಹುಡುಗನ ಮೇಲೆ. ಜಾಮೀನಿನಲ್ಲಿ ಹೊರಬಂದರೆ ಗಡಿ ದಾಟಿಸಲು ಒಂದು ಪಾರ್ಸೆಲ್ ಕಾದಿರುತ್ತದೆ. ಗ್ಯಾಂಗಿಗೆ ಆಳು ಸೇರುವುದು ಹೀಗೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರೇ ಆಗಿದ್ದರು. ಜೈಲುಗಳು ತುಂಬಿ ತುಳುಕುವಾಗ ಹೊಸಬರನ್ನು ಬೇರೆ ಇಡಲು ಜಾಗ ಎಲ್ಲಿಂದ ಬರಬೇಕು?

ಆದರೂ ಮೊದಲು ಮಾಡಬೇಕಾದ್ದು ಅದೇ, ಹೊಸಬರನ್ನು ಪಳಗಿದವರಿಂದ ದೂರ ಇಡುವುದು. ಜೊತೆಗೆ ಜೈಲಿನವರೇ ಕೊಡುವ ಕಾನೂನುಬದ್ಧ ಫೋನ್ ಧಾರಾಳವಾಗಿ ಸಿಗಲಿ, ಮಾತು ರೆಕಾರ್ಡ್ ಆಗಲಿ. ಆಗ ಅಮ್ಮನಿಗೆ ಫೋನ್ ಮಾಡಲು ಅಣ್ಣನ ಕಾಲು ಹಿಡಿಯಬೇಕಿಲ್ಲ. ಕದ್ದುಮುಚ್ಚಿ ತಂದ ಫೋನಿನಲ್ಲಿ ಉಳಿಯುವುದು ದಂಧೆಯವರು ಮಾತ್ರ, ಹುಡುಕುವುದೂ ಸುಲಭ. ನಮ್ಮ ಕಡೆ ಇನ್ನೊಂದು ತೊಡಕಿದೆ. ಇಲ್ಲಿನ ಕೈದಿಗಳು ತುಳು, ಬ್ಯಾರಿ, ಕನ್ನಡ, ಮಲಯಾಳ ಎಲ್ಲವನ್ನೂ ಕಲಸಿ ಮಾತಾಡುತ್ತಾರೆ. ಆ ರೆಕಾರ್ಡ್ ಕೇಳಿಸಿಕೊಳ್ಳಲು ಅದು ಅರ್ಥವಾಗುವವರು ಬೇಕಲ್ವಾ? ತಿರುವನಂತಪುರದಿಂದ ಬಂದ ಸಿಬ್ಬಂದಿಗೆ ತುಳು ಎಲ್ಲಿ ಗೊತ್ತಿರುತ್ತದೆ?

ಗೇಟಿನಲ್ಲಿ ನಮ್ಮ ಕೋಟು, ಫೈಲು ಎಲ್ಲ ತಡಕುತ್ತಾರೆ. ತಡಕಲಿ, ಬೇಸರವಿಲ್ಲ. ಆದರೆ ಅದೇ ಸ್ಕ್ಯಾನರ್ ದಾಟಿ ವಾರ್ಡರ್, ಸೂಪರಿಂಟೆಂಡೆಂಟ್, ಅಕ್ಕಿ ತರುವ ಲಾರಿಯವನು ಎಲ್ಲರೂ ಹೋಗಬೇಕು. ಪಕ್ಕದಲ್ಲಿ ಕೂತು ಚಾ ಕುಡಿದವನನ್ನು ತಪಾಸಣೆ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆ ಕೆಲಸಕ್ಕೆ ಹೊರಗಿನ ತಂಡವೇ ಬೇಕು, ಅದೂ ಆಗಾಗ ಬದಲಾಗುತ್ತಿರಬೇಕು.

  

ಎಲ್ಲರೂ ಮರೆಯುವುದು ದುಡ್ಡನ್ನು. ಬೀಡಿ ಒಳಗೆ ಕೈ ಬದಲಾಯಿಸುತ್ತದೆ, ದುಡ್ಡು ಹೊರಗೆ. ಹುಡುಗನ ಅಕ್ಕ, ಬ್ಲಾಕಿನ ಆ 'ಅಣ್ಣ'ನ ಭಾವನ ಖಾತೆಗೆ ಯುಪಿಐ ಮಾಡುತ್ತಾಳೆ. ಸಣ್ಣ ಸಣ್ಣ ಮೊತ್ತ, ಹತ್ತಾರು ಮನೆಗಳಿಂದ ಒಂದೇ ಖಾತೆಗೆ. ಅದನ್ನು ಹಿಡಿಯಲು ಜೈಲಿನೊಳಗೆ ಕಾಲಿಡಬೇಕೆಂದೇ ಇಲ್ಲ. ಪೊಲೀಸರು ಬ್ಯಾಂಕಿಗೆ ಒಂದು ನೋಟಿಸ್ ಕೊಟ್ಟರೆ ಸಾಕು.