ಪದದ ನಡುವಿನ 7: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

(ಧಾರವಾಡದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಪತ್ರದ ಸಾರ: "ಮಗಳ ಮನೆಗೆಂದು ಕೆನಡಾದ ನಾರ್ತ್ ವ್ಯಾಂಕೂವರ್‌ಗೆ ಹೋಗಿದ್ದಾಗ ಹೆದ್ದಾರಿ ಫಲಕಗಳಲ್ಲಿ ಪದದ ಮಧ್ಯೆ 7 ಎಂಬ ಅಂಕಿ ಕಂಡೆ. ಅಲ್ಲಿನ ಮೂಲನಿವಾಸಿಗಳಾದ ಸ್ಕ್ವಾಮಿಶ್ ಜನರ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲೂ ಅದೇ 7. ಅಚ್ಚಿನ ದೋಷವೇ? ನುಡಿದಂತೆ ಬರೆಯಬಲ್ಲ ನಮ್ಮ ಲಿಪಿ ಈ ಭಾಷೆಗೆ ಸಾಲದೇ? ಮಗಳ ನೆರೆಯಲ್ಲಿ ಆ ಜನಾಂಗದ ಹಿರಿಯರೊಬ್ಬರಿದ್ದಾರೆ. ಮುಂದಿನ ಸಲ ಅವರದೇ ಭಾಷೆಯಲ್ಲಿ ಕೃತಜ್ಞತೆ ಹೇಳುವುದು ಹೇಗೆ? ಅಜ್ಜ ಅನ್ನಲು ಏನನ್ನಬೇಕು?")

ಮಾನ್ಯರೇ,

ಅಚ್ಚಿನ ದೋಷವಲ್ಲ. ಆ 7 ಒಂದು ವ್ಯಂಜನ. ಒಲೆಯ ಮೇಲಿನ ಬಿಸಿ ಪಾತ್ರೆಗೆ ಮಗು ಕೈ ಚಾಚಿದಾಗ ನಾವು "ಅ! ಅ! ಅ!" ಅನ್ನುತ್ತೇವಲ್ಲ, ಆ ಎರಡು ಅಕಾರಗಳ ನಡುವೆ ಗಂಟಲು ಫಕ್ಕನೆ ಮುಚ್ಚಿಕೊಳ್ಳುತ್ತದೆ. ಕನ್ನಡದಲ್ಲಿ ಆ ತಡೆಗೆ ಅಕ್ಷರವಿಲ್ಲ, ಅದರಿಂದ ಅರ್ಥವೂ ಬದಲಾಗುವುದಿಲ್ಲ. ಸ್ಕ್ವಾಮಿಶ್ ಭಾಷೆಯಲ್ಲಿ ಅದು ಕ, ತ, ಪಗಳಷ್ಟೇ ಗಟ್ಟಿಯಾದ ವರ್ಣ. ಭಾಷೆಯ ಹೆಸರನ್ನು ಕನ್ನಡದಲ್ಲಿ ಹೆಚ್ಚುಕಡಿಮೆ "ಸ್ಕ್ವ್‌ಹ್ವು7ಮೆಶ್ ಸ್ನಿಚಿಮ್" ಎಂದು ಬರೆಯಬಹುದು. ಸ್ನಿಚಿಮ್ ಅಂದರೆ ನುಡಿ. ಇಂಗ್ಲಿಷರು ಆ ಗಂಟಲ ತಡೆಯನ್ನು ಬಿಟ್ಟು, ಉಳಿದದ್ದನ್ನು ತಮಗೆ ಬಂದಂತೆ ತಿದ್ದಿದ್ದರಿಂದ "ಸ್ಕ್ವಾಮಿಶ್" ಆಯಿತು.

ಅಂಕಿಯೇ ಯಾಕೆ? ಭಾಷಾಶಾಸ್ತ್ರಜ್ಞರು ಈ ಧ್ವನಿಗೆ ಬಳಸುವ ಗುರುತು ಚುಕ್ಕಿಯಿಲ್ಲದ ಪ್ರಶ್ನಾರ್ಥಕ ಚಿಹ್ನೆಯಂತಿದೆ. ಟೈಪ್‌ರೈಟರಿನಲ್ಲಿ ಅದು ಇರಲಿಲ್ಲ, ಅದಕ್ಕೆ ಹೋಲುವ 7 ಇತ್ತು. 1960ರ ದಶಕದ ಕೊನೆಯಿಂದ ಸ್ಕ್ವಾಮಿಶ್ ಹಿರಿಯ ಲೂಯಿ ಮಿರಾಂಡಾ ಮತ್ತು ಭಾಷಾತಜ್ಞ ರ್‍ಯಾಂಡಿ ಬೌಚಾರ್ಡ್ ಕೂಡಿ ರೋಮನ್ ಅಕ್ಷರಗಳಲ್ಲಿ ರೂಪಿಸಿದ ಬರವಣಿಗೆ ಇದು. ಯಾವ ಕೀಲಿಮಣೆಯಲ್ಲೂ ಹೊಡೆಯಬಹುದಾದ ಗುರುತು ಬೇಕಿತ್ತು, 7 ಸಿಕ್ಕಿತು. ಅಲ್ಲೇ ಪಕ್ಕದ ಮಸ್ಕ್ವಿಯಮ್ ಜನ ತಮ್ಮ ಭಾಷೆಗೆ ಶಾಸ್ತ್ರಜ್ಞರ ಗುರುತನ್ನೇ ಇಟ್ಟುಕೊಂಡರು. ವ್ಯಾಂಕೂವರ್ ಕಲಾ ಗ್ಯಾಲರಿಯ ಉತ್ತರದ ಚೌಕಕ್ಕೆ 2018ರಲ್ಲಿ ಎರಡೂ ಭಾಷೆಗಳಲ್ಲಿ ಹೆಸರಿಟ್ಟಾಗ ಸ್ಕ್ವಾಮಿಶ್ ಹೆಸರಿನಲ್ಲಿ 7 ಇದೆ, ಮಸ್ಕ್ವಿಯಮ್ ಹೆಸರಿನಲ್ಲಿ ಇಲ್ಲ. ನೀವು ಕಂಡ ಹೆದ್ದಾರಿ ಫಲಕಗಳು 2010ರ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಬಂದವು.

ಇನ್ನು ನಮ್ಮ ಲಿಪಿಯ ಮಾತು. ನುಡಿದಂತೆ ಬರೆಯುತ್ತೇವೆ ಎಂಬುದು ಕನ್ನಡದ ಮಟ್ಟಿಗೆ ಬಹುತೇಕ ಸರಿ. ಕನ್ನಡ ಲಿಪಿ ಕನ್ನಡಕ್ಕೂ ಸಂಸ್ಕೃತಕ್ಕೂ ಒಗ್ಗಿದ್ದು. ಸ್ಕ್ವಾಮಿಶ್ ಎದುರು ಅದು ಬೇಗ ಸೋಲುತ್ತದೆ. ಆ ಭಾಷೆಯಲ್ಲಿ ಗ, ಜ, ಡ, ದ, ಬ ಇಲ್ಲ, ಮಹಾಪ್ರಾಣ ಬೇರೆ ವರ್ಣವಲ್ಲ, ರ ಇಲ್ಲ. ವರ್ಗೀಯ 25ರಲ್ಲಿ ಆರೇಳಕ್ಕಷ್ಟೇ ಕೆಲಸ. ಅಲ್ಲಿರುವ ಧ್ವನಿಗಳಿಗೋ ನಮ್ಮಲ್ಲಿ ಮನೆಯಿಲ್ಲ. ನಮ್ಮ ಕಕಾರಕ್ಕಿಂತ ಹಿಂದೆ, ಕಿರುನಾಲಿಗೆಯ ಬಳಿ ಹುಟ್ಟುವ ಇನ್ನೊಂದು ಕ ಇದೆ. ಬರಹದಲ್ಲಿ ಅಕ್ಷರದ ಕೆಳಗೆ ಗೆರೆ ಎಳೆದು ತೋರಿಸುತ್ತಾರೆ. ಗಂಟಲು ಮುಚ್ಚಿಕೊಂಡೇ ಸಿಡಿಸುವ ಕ, ತ, ಪ, ಚಗಳಿವೆ. ಅವಕ್ಕೆ ಅಲ್ಪವಿರಾಮದಂಥ ಮೇಲ್ಗುರುತು. ಕನ್ನಡಿಗರು ಎಡವುವುದು ಇಲ್ಲೇ: ಸಿಡಿತ ಕೇಳಿದೊಡನೆ ಖ, ಥ ಎಂದು ಬರೆದುಕೊಳ್ಳುತ್ತೇವೆ. ಅಂಗೈಯನ್ನು ಬಾಯೆದುರು ಹಿಡಿದು ನೋಡಿ. ಖ ಅಂದರೆ ಎದೆಯಿಂದ ಬಂದ ಉಸಿರು ಬಡಿಯುತ್ತದೆ. ಈ ಸಿಡಿ-ಕಕಾರದಲ್ಲಿ ಆ ಉಸಿರಿಲ್ಲ, ಚಿಟಿಕೆಯಂಥ ಸದ್ದು ಮಾತ್ರ. ಗಂಟಲಮಣಿಯ ಮೇಲೆ ಬೆರಳಿಟ್ಟರೆ ಅದು ಮೇಲಕ್ಕೆ ಜಿಗಿಯುವುದು ತಿಳಿಯುತ್ತದೆ. ಇನ್ನೊಂದು ಧ್ವನಿಗೆ ನಾಲಿಗೆಯನ್ನು ಲಕಾರದ ಜಾಗದಲ್ಲೇ ಒತ್ತಿಟ್ಟು, ದನಿಯಿಲ್ಲದೆ ಬರೀ ಉಸಿರನ್ನು ಅಕ್ಕಪಕ್ಕದಿಂದ ಬಿಡಬೇಕು. "ಶ್ಲ" ಅಂದರೆ ತಪ್ಪು, "ಲ್ಹ" ಅಂದರೂ ಅರ್ಧ ತಪ್ಪು.

7ನ್ನು ಓದುವಾಗ ನಮ್ಮ ವ್ಯಾಕರಣವೇ ಅಡ್ಡ ಬರುತ್ತದೆ. ಎರಡು ಸ್ವರ ಒಟ್ಟಿಗೆ ಬಂದರೆ ಯಕಾರವನ್ನೋ ವಕಾರವನ್ನೋ ತೂರಿಸುವುದು ನಮಗೆ ಹುಟ್ಟುಗುಣ; ಆಗಮಸಂಧಿಯನ್ನು ನಿಮಗೆ ನಾವು ಹೇಳಬೇಕಿಲ್ಲ. ನಾರ್ತ್ ವ್ಯಾಂಕೂವರ್‌ನಲ್ಲೇ "ಎಸ್ಲ್ಹಾ7ಆನ್" ಎಂಬ ಸ್ಕ್ವಾಮಿಶ್ ಊರಿದೆ. ಕನ್ನಡದ ಬಾಯಿ ಅದನ್ನು "ಎಸ್ಲಾಯಾನ್" ಮಾಡಿಬಿಡುತ್ತದೆ. ಎರಡು ಆಕಾರಗಳ ನಡುವೆ ಉಸಿರು ಕಡಿದು, ಮತ್ತೆ ಶುರು ಮಾಡಿ.

ಅಚ್ಚುಮನೆಯ ತೊಂದರೆ ಬೇರೆ. ಗೆರೆ ಎಳೆದ ಕಕಾರಕ್ಕೆ ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರುಗಳ ಅಕ್ಷರಸಂಕೇತಗಳ ಪಟ್ಟಿಯಲ್ಲಿ, ಒಂದೇ ಸಂಕೇತವಿದೆ. ಗೆರೆ ಎಳೆದ "ಎಕ್ಸ್" ಅಕ್ಷರಕ್ಕೆ ಇಲ್ಲ, ಅಕ್ಷರ ಒಂದು, ಗೆರೆ ಇನ್ನೊಂದು. ಫಾಂಟ್ ಕೈಕೊಟ್ಟರೆ ಗೆರೆ ಪಕ್ಕದ ಅಕ್ಷರದಡಿ ಸರಿಯುತ್ತದೆ. ಹಳೆಯ ತಂತ್ರಾಂಶದಲ್ಲಿ ಟೈಪಿಸಿದ ಕನ್ನಡ ತೆರೆದಾಗ ಒತ್ತಕ್ಷರ ಕಳಚಿ ಬಿದ್ದಿರುವುದನ್ನು ಕಂಡವರಿಗೆ ಈ ಸಂಕಟ ಗೊತ್ತು.

"ಲಿಪಿಯಿಲ್ಲದ ಭಾಷೆ" ಸೊರಗಿದ್ದು ಲಿಪಿಯ ಕೊರತೆಯಿಂದಲ್ಲ ಎಂಬುದನ್ನು ಒತ್ತಿ ಹೇಳಬೇಕು. ನಾರ್ತ್ ವ್ಯಾಂಕೂವರ್‌ನ ಸೇಂಟ್ ಪಾಲ್ಸ್ ವಸತಿಶಾಲೆ 1899ರಿಂದ 1959ರವರೆಗೆ ನಡೆಯಿತು. ಮಕ್ಕಳನ್ನು ಮನೆಯಿಂದ ಬಿಡಿಸಿ, ಮನೆಮಾತಾಡಿದರೆ ಶಿಕ್ಷಿಸುತ್ತಿದ್ದ ವ್ಯವಸ್ಥೆಯ ಭಾಗ ಅದು. ಹಾಗೆ ಬೆಳೆದವರು ತಮ್ಮ ಮಕ್ಕಳಿಗೆ ಭಾಷೆ ಕೊಡಲು ಹೆದರಿದರು. ಹುಟ್ಟಿನಿಂದಲೇ ಆಡಿಬೆಳೆದವರು ಬೆರಳೆಣಿಕೆಗೆ ಇಳಿದರು. 2011ರಲ್ಲಿ ನಿಘಂಟು ಬಂತು. 2016ರಿಂದ ಸ್ಕ್ವಾಮಿಶ್ ಜನರೇ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಜೊತೆಗೂಡಿ ವಯಸ್ಕರಿಗೆ ಪೂರ್ಣಾವಧಿ ಕಲಿಕೆ ನಡೆಸಿದರು. ಮೊದಲು ವಯಸ್ಕರಿಗೇ ಕಲಿಸಿದ್ದು ಸರಿಯಾದ ಲೆಕ್ಕಾಚಾರ ಎಂದು ನಮ್ಮ ಅಭಿಪ್ರಾಯ: ಮನೆಯಲ್ಲಿ ಆಡುವ ತಾಯಿತಂದೆ ಇದ್ದರೆ ಮಗುವಿಗೆ ಪಾಠ ಬೇಕಿಲ್ಲ.

ಅಜ್ಜನ ಪ್ರಶ್ನೆಗೆ ಬರೋಣ. ಆ ಪದ "ಸಿ7ಲ್", ಇಲ್ಲೂ 7 ಇದೆ. ಆದರೆ ಅದು ಅಜ್ಜನಿಗೂ ಅಜ್ಜಿಗೂ, ಅವರ ಒಡಹುಟ್ಟಿದವರಿಗೂ ಒಂದೇ. ಸೋದರಮಾವ, ಚಿಕ್ಕಪ್ಪ, ಸೋದರತ್ತೆ, ಚಿಕ್ಕಮ್ಮ ಎಂದು ನಾವು ಬಿಡಿಸುವ ಕಡೆ ಅವರಿಗೆ ಒಂದೇ ಪದ ಸಾಕು. ಒಡಹುಟ್ಟಿದವರಲ್ಲಿ ಹಿರಿಯರು, ಕಿರಿಯರು ಎಂಬ ಭೇದವಿದೆ, ಗಂಡು ಹೆಣ್ಣಿನ ಭೇದವಿಲ್ಲ. ನಾವು ಬಿಡಿಸದ ಇನ್ನೊಂದನ್ನು ಅವರು ಬಿಡಿಸುತ್ತಾರೆ: ತಂದೆ ಅಥವಾ ತಾಯಿ ತೀರಿಕೊಂಡರೆ, ಅವರ ಒಡಹುಟ್ಟಿದವರನ್ನು ಕರೆಯುವ ಪದವೇ ಬದಲಾಗುತ್ತದೆ. ನಡುವಿನ ಕೊಂಡಿ ಕಳಚಿದ್ದನ್ನು ಸಂಬಂಧವಾಚಕವೇ ಹೇಳುತ್ತದೆ. ಹೀಗಾಗಿ ನೆರೆಯವರನ್ನು ಏನೆಂದು ಕರೆಯಲಿ ಎಂದು ಅವರನ್ನೇ ಕೇಳುವುದು ಮೇಲು. ನಾವಾಗಿ ನಂಟು ಹಚ್ಚುವುದು ಬೇಡ.

ಕೃತಜ್ಞತೆಗೆ: ಒಬ್ಬರಿಗೆ ಹೇಳುವಾಗ "ಚೆನ್ ಕ್ವೆನ್‌ಮಾನ್‌ತುಮಿ". ಮನೆಯವರೆಲ್ಲ ಇದ್ದರೆ ಕೊನೆಗೆ "ಯಾಪ್" ಸೇರಿಸಿ "ಚೆನ್ ಕ್ವೆನ್‌ಮಾನ್‌ತುಮಿಯಾಪ್". ಚೆನ್ ಅಂದರೆ ನಾನು. ನೀವೂ ಮಗಳೂ ಒಟ್ಟಿಗೆ ಹೇಳುವುದಾದರೆ "ಚೆಟ್", ನಾವು. ಬರಹದಲ್ಲಿ ಎಕಾರವಿದ್ದರೂ ನಾಲಿಗೆ ಸಡಿಲ ಬಿಟ್ಟು, ಎಕಾರಕ್ಕೂ ಅಕಾರಕ್ಕೂ ನಡುವೆ ಮೆಲ್ಲಗೆ ಹೇಳಿ. ಬೆಳಗ್ಗೆ ಎದುರಾದರೆ "ಹಾ7ಲ್ಹ್ ಸ್ಕ್ವಾಯೆಲ್", ಒಳ್ಳೆಯ ದಿನ. ಹಾ ಆದೊಡನೆ ಗಂಟಲು ಮುಚ್ಚಿ, ಆಮೇಲೆ ಆ ದನಿಯಿಲ್ಲದ ಲಕಾರ. ಅವರು ತಿದ್ದಿದರೆ ಅವರು ಹೇಳಿದ್ದೇ ಸರಿ, ನಮ್ಮ ಪುಟದಲ್ಲಿರುವುದಲ್ಲ.

ಸಂ.