ವ್ಯಸನದ ಬಗ್ಗೆ ಇಷ್ಟೊಂದು ಥಿಯರಿ ಓದಬೇಕಾ?

ನೀವು ಸೈಕಾಲಜಿಯಲ್ಲಿ ಡಿಗ್ರಿ ಮಾಡಿದ್ದೀರಿ. ಈಗ ವ್ಯಸನದ ಸಿದ್ಧಾಂತ ಮತ್ತು ಕೌನ್ಸೆಲಿಂಗ್‌ನಲ್ಲಿ ಸ್ನಾತಕೋತ್ತರ ಓದಿಗೆ ಸೇರುವ ಮನಸ್ಸಿದೆ. "ಸಿಲಬಸ್ ನೋಡಿದರೆ ಅರ್ಧಕ್ಕರ್ಧ ಥಿಯರಿ. ಕುಡಿತ ಬಿಟ್ಟವರೇ ಚೆನ್ನಾಗಿ ಕೌನ್ಸೆಲಿಂಗ್ ಮಾಡ್ತಾರಲ್ವಾ, ಇದೆಲ್ಲ ಯಾಕೆ?" ಎಂದು ಕೇಳಿದ್ದೀರಿ. ನಾನು ಇದನ್ನೇ ಓದಿ ಇದೇ ಕೆಲಸದಲ್ಲಿದ್ದೇನೆ. ಥಿಯರಿ ಖಂಡಿತ ಬೇಕು. ಆದರೆ ಅದೊಂದನ್ನೇ ನೋಡಿ ಕೋರ್ಸ್ ಆರಿಸಬೇಡಿ.

ನಮ್ಮ ಮುಂದೆ ಬಂದು ಕೂರುವ ಪ್ರತಿಯೊಬ್ಬರ ತಲೆಯಲ್ಲೂ ಆಗಲೇ ಒಂದು ಥಿಯರಿ ಇರುತ್ತದೆ. ಹೆಂಡತಿಗೆ ಅದು ಗಂಡನ ಹಟ. ಅಪ್ಪನಿಗೆ ಮಗನ ಸಹವಾಸ ದೋಷ. ಕುಡಿಯುವವರಿಗೆ "ನಾನೇ ಸರಿ ಇಲ್ಲ" ಎಂಬ ಭಾವನೆ. ಇವರ ನಡುವೆ ಕೂತು ಕೇಳಿಸಿಕೊಳ್ಳಬೇಕಾದ ನಿಮ್ಮ ಬಳಿ ಒಂದೇ ವಿವರಣೆ ಇದ್ದರೆ, ಅದಕ್ಕೆ ಹೊಂದದ ಮನುಷ್ಯ ನಿಮಗೆ ಕಾಣುವುದೇ ಇಲ್ಲ.

ನನಗೆ ತುಂಬಾ ಉಪಯೋಗಕ್ಕೆ ಬಂದ ಎರಡು ಪಾಠ ಹೇಳುತ್ತೇನೆ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಬಹಳ ಮಂದಿ ಅಲ್ಲಿ ಹೆರಾಯಿನ್‌ಗೆ ಅಂಟಿಕೊಂಡಿದ್ದರು. 1971ರಲ್ಲಿ ಮರಳಿದವರ ಬಗ್ಗೆ ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದರು. ಅಲ್ಲಿ ವ್ಯಸನಿಗಳಾಗಿದ್ದವರಲ್ಲಿ, ಊರಿಗೆ ಬಂದ ಮೊದಲ ವರ್ಷದೊಳಗೆ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಸುಮಾರು 5 ಮಂದಿ ಮಾತ್ರ. ವಸ್ತು ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ, ಸುತ್ತಲಿನ ಬದುಕಿನ ಪಾತ್ರ ಎಷ್ಟು ದೊಡ್ಡದು ಅಂತ ಇದರಿಂದ ಗೊತ್ತಾಗುತ್ತದೆ. ಇನ್ನೊಂದು, ರಾಬಿನ್ಸನ್ ಮತ್ತು ಬೆರಿಡ್ಜ್ ಎಂಬ ಇಬ್ಬರು ಸಂಶೋಧಕರು 1993ರಲ್ಲಿ ಮಂಡಿಸಿದ ವಿಚಾರ. ಮಿದುಳಿನಲ್ಲಿ 'ಬೇಕು' ಅನ್ನುವುದು ಬೇರೆ, 'ಖುಷಿ' ಅನ್ನುವುದು ಬೇರೆ. ವ್ಯಸನ ಬೆಳೆದ ಹಾಗೆ ಖುಷಿ ಹೆಚ್ಚದಿದ್ದರೂ ಬೇಕೆನ್ನುವ ಎಳೆತ ಜಾಸ್ತಿಯಾಗುತ್ತಾ ಹೋಗುತ್ತದೆ. "ಒಂಚೂರೂ ಸುಖ ಇಲ್ಲ, ಆದರೂ ಕೈ ಹೋಗತ್ತೆ" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಇದನ್ನು ಅವರಿಗೆ ಸರಳವಾಗಿ ವಿವರಿಸಿದಾಗ ಮುಖದ ಬಿಗಿ ಸಡಿಲವಾಗುವುದನ್ನು ನೋಡಿದ್ದೇನೆ. ಎರಡೂ ವಿವರಣೆ ಒಂದೇ ದಿಕ್ಕಿನವಲ್ಲ. ಎರಡೂ ಬೇಕು.

ಕುಡಿತ ಬಿಟ್ಟವರ ವಿಷಯ. ಅವರ ಅನುಭವಕ್ಕೆ ನಿಜವಾದ ಬೆಲೆ ಇದೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ, 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ನಿಂತಿರುವುದೇ ಅದರ ಮೇಲೆ. ಆದರೆ ತಾವು ಬಿಟ್ಟ ದಾರಿಯಲ್ಲೇ ಎಲ್ಲರೂ ಬಿಡಬೇಕು ಅನ್ನಲು ಶುರು ಮಾಡಿದರೆ ಕಷ್ಟ. ಅಪಾಯವೂ ಇದೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ವೈದ್ಯರ ನೋಟವಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಹೆರಾಯಿನ್ ಕೆಲವು ಕಾಲ ಬಿಟ್ಟವರು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ, ದೇಹದ ಸಹಿಸುವ ಶಕ್ತಿ ಇಳಿದಿರುವುದರಿಂದ ಅದೇ ಸಾವಿಗೆ ಕಾರಣವಾಗಬಹುದು. ಇಷ್ಟು ಗೊತ್ತಿಲ್ಲದೆ ಯಾರೂ ಈ ಕುರ್ಚಿಯಲ್ಲಿ ಕೂರಬಾರದು.

ಇನ್ನು ಯಾವ ಚಿಕಿತ್ಸೆ ಒಳ್ಳೆಯದು ಅನ್ನುವ ಜಗಳ ಕ್ಲಾಸಿನಲ್ಲಿ ಬಹಳ ನಡೆಯುತ್ತದೆ. ಪ್ರಾಜೆಕ್ಟ್ ಮ್ಯಾಚ್ ಎಂಬ ದೊಡ್ಡ ಅಧ್ಯಯನ ಮದ್ಯವ್ಯಸನಕ್ಕೆ ಮೂರು ಬಗೆಯ ಚಿಕಿತ್ಸೆಗಳನ್ನು 1,700ಕ್ಕೂ ಹೆಚ್ಚು ಜನರಲ್ಲಿ ಹೋಲಿಸಿತು. 1997ರಲ್ಲಿ ಬಂದ ಫಲಿತಾಂಶದಲ್ಲಿ ಮೂರರ ನಡುವೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮೊದಲೇ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮತ್ತು ಜೊತೆಗಾರರು 1980ರಲ್ಲಿ ಇನ್ನೊಂದು ವಿಷಯ ಕಂಡಿದ್ದರು: ಎದುರಿಗಿರುವವರ ಮನಸ್ಸು ಅರಿತು ಕೇಳಿಸಿಕೊಳ್ಳುವ ಕೌನ್ಸೆಲರ್ ಹತ್ತಿರ ಬಂದವರ ಕುಡಿತ ಜಾಸ್ತಿ ಇಳಿದಿತ್ತು. ಮಿಲ್ಲರ್ 1983ರಲ್ಲಿ ಮೊದಲು ಬರೆದ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಪದ್ಧತಿ ಇಂಥ ಕೇಳುವಿಕೆಯ ಮೇಲೇ ನಿಂತಿದೆ. ನಾವು "ಬಿಡಿ ಬಿಡಿ" ಅಂದಷ್ಟೂ ಅವರು "ಯಾಕೆ ಬಿಡಬೇಕು" ಅನ್ನುತ್ತಾರೆ. ಬಿಡಲು ಕಾರಣ ಅವರ ಬಾಯಿಂದಲೇ ಬರುವ ಹಾಗೆ ಮಾತಾಡಿಸಬೇಕು. ಓದಿದರೆ ಸುಲಭ ಅನಿಸುತ್ತದೆ. ಕೂತು ಮಾಡಿದಾಗ ಬುದ್ಧಿ ಹೇಳುವ ಆಸೆ ತಡೆಯುವುದೇ ದೊಡ್ಡ ಕೆಲಸ. ಅದು ಪರೀಕ್ಷೆ ಬರೆದು ಬರುವುದಿಲ್ಲ.

ಹಾಗಾಗಿ ಸೇರುವ ಮೊದಲು ಕೇಳಬೇಕಾದ್ದು ಇಷ್ಟು. ನಿಜವಾದ ಜನರ ಜೊತೆ ಎಷ್ಟು ಗಂಟೆ ಕೆಲಸ ಕೊಡುತ್ತಾರೆ? ನಿಮ್ಮ ಸೆಷನ್ ರೆಕಾರ್ಡಿಂಗನ್ನು, ಎದುರಿನವರ ಒಪ್ಪಿಗೆ ಪಡೆದು, ಅನುಭವ ಇರುವವರು ಕೇಳಿ ತಿದ್ದುತ್ತಾರಾ? ಸುಮ್ನೆ "ಸೂಪರ್‌ವಿಷನ್ ಇದೆ" ಅಂದರೆ ಒಪ್ಪಬೇಡಿ, ವಾರಕ್ಕೆ ಎಷ್ಟು ಹೊತ್ತು ಅಂತ ಕೇಳಿ. ನೀವು ಕೆಲಸ ಮಾಡಬೇಕೆಂದಿರುವ ಕಡೆ ಈ ಪದವಿಗೆ ಕೌನ್ಸೆಲರ್ ಆಗಿ ಮಾನ್ಯತೆ ಇದೆಯಾ ಅನ್ನುವುದನ್ನು ಕಾಲೇಜಿನ ಮಾತು ನಂಬದೆ ನೀವೇ ಹೋಗಿ ವಿಚಾರಿಸಿ. ಜೂಜು, ಗೇಮಿಂಗ್ ಪಾಠ ಇದೆಯಾ ಅಂತಲೂ ನೋಡಿ. ಜೂಜಿನ ಸಮಸ್ಯೆಯನ್ನು 2013ರ ಡಿಎಸ್ಎಂ-5, ಅಂದರೆ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, ವ್ಯಸನಗಳ ಸಾಲಿಗೇ ಸೇರಿಸಿತು. ಇದಿಲ್ಲದ ಸಿಲಬಸ್ ಹಳೆಯದು.

ನಿಮ್ಮ ಮನೆಯಲ್ಲೇ ಯಾರಾದರೂ ಈ ಕಷ್ಟದಲ್ಲಿದ್ದರೆ, ನಮ್ಮಲ್ಲಿ ಅನೇಕರು ಬಂದದ್ದು ಆ ದಾರಿಯಲ್ಲೇ. ಸೇರಲು ಅದು ಅಡ್ಡಿಯಲ್ಲ. ಆ ವಿಷಯವನ್ನು ಮೊದಲ ಸೂಪರ್‌ವಿಷನ್‌ನಲ್ಲೇ ಹೇಳಿಬಿಡಿ.