3 ಎಕರೆಗೆ ಹಳೆ ಟ್ರ್ಯಾಕ್ಟರ್: ಯಾವುದು ತಗೊಳ್ಳೋದು, ಏನೇನು ನೋಡೋದು?

ನೀವು ಕೇಳಿರೋದು ಇಷ್ಟು: ದೊಡ್ಡಬಳ್ಳಾಪುರದ ಹತ್ತಿರ 3 ಎಕರೆ ಕೆಂಪು ಮಣ್ಣಿನ ಹೊಲ. ರಾಗಿ, ಅವರೆ, ಬೋರ್‌ವೆಲ್ ನೀರು ಹಾಯೋ ಕಡೆ ತರಕಾರಿ. ವಾರವೆಲ್ಲಾ ಬೆಂಗಳೂರಲ್ಲಿ ಕೆಲಸ. ಕೈಯಲ್ಲಿ 3 ಲಕ್ಷ. ಯಾವ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಗೊಂಡರೆ ಮೋಸ ಹೋಗಲ್ಲ?

ಮೊದಲು ಲೆಕ್ಕ. ಕೆಂಪು ಮಣ್ಣಲ್ಲಿ ಒಂದು ಎಕರೆಗೆ ಕಲ್ಟಿವೇಟರ್ (ಸಾಲು ಗುಳಗಳ ನೇಗಿಲು) ಒಂದು ಸಲ ಹೊಡೆಯೋಕೆ ಹೆಚ್ಚುಕಮ್ಮಿ ಒಂದು ಗಂಟೆ, ರೋಟವೇಟರ್‌ಗೆ (ತಿರುಗೋ ಬ್ಲೇಡಲ್ಲಿ ಮಣ್ಣು ಪುಡಿ ಮಾಡೋದು) ಒಂದೂವರೆ ಗಂಟೆ ಹಿಡಿಯಿರಿ. ಎರಡು ಸಲ ಉಳುಮೆ, ಒಂದು ಸಲ ರೋಟವೇಟರ್ ಅಂದರೆ 3 ಎಕರೆಗೆ 10-11 ಗಂಟೆ. ವರ್ಷಕ್ಕೆ ಎರಡು ಬೆಳೆ, ಗೊಬ್ಬರ ಹೊಡೆಯೋದು ಎಲ್ಲಾ ಸೇರಿ 35 ಗಂಟೆ ದಾಟಲ್ಲ. ಬಾಡಿಗೆ ಗಂಟೆಗೆ ಸಾವಿರ ಅಂತ ಇಟ್ಟುಕೊಂಡರೂ ವರ್ಷಕ್ಕೆ 35 ಸಾವಿರ. ಕೃಷಿ ಯಂತ್ರಧಾರೆ ಕೇಂದ್ರ (ಸರ್ಕಾರದ ಯೋಜನೆಯಲ್ಲಿ ಯಂತ್ರ ಬಾಡಿಗೆಗೆ ಕೊಡೋ ಕಡೆ) ಹತ್ತಿರ ಇದ್ದರೆ ಇನ್ನೂ ಕಮ್ಮಿಗೆ ಆಗಬಹುದು. ಬರೀ ದುಡ್ಡು ನೋಡಿದರೆ ಟ್ರ್ಯಾಕ್ಟರ್ ಬೇಡ. ಆದರೆ ಮಳೆ ಬಿದ್ದ ಮೇಲೆ ಕೆಂಪು ಮಣ್ಣಿನ ಹದ ಮೂರು-ನಾಲ್ಕು ದಿನ ನಿಂತರೆ ಹೆಚ್ಚು. ಆಗ ಊರಿಗೆ ಊರೇ ಒಂದೇ ಟ್ರ್ಯಾಕ್ಟರ್ ಹಿಂದೆ ಬಿದ್ದಿರುತ್ತೆ, ಶನಿವಾರ ಬರೋ ನಿಮ್ಮ ಸರದಿ ಕೊನೆಗೆ. ಆ ಹದಕ್ಕೋಸ್ಕರ ತಗೊಳ್ಳೋದಾದರೆ ನ್ಯಾಯ.

3 ಲಕ್ಷವನ್ನೂ ಗಾಡಿಗೇ ಸುರಿಯಬೇಡಿ. ಗಾಡಿಗೆ ಎರಡು-ಎರಡೂಕಾಲು ಲಕ್ಷ, ಹಳೆ ಕಲ್ಟಿವೇಟರ್‌ಗೆ ಒಂದಿಷ್ಟು, ಉಳಿದಿದ್ದು ಮೊದಲ ರಿಪೇರಿಗೆ.

ಎಚ್‌ಪಿ (ಎಂಜಿನ್ ಶಕ್ತಿ) ವಿಚಾರದಲ್ಲಿ 30ರಿಂದ 40ರ ಒಳಗೆ ಇರಿ. ಮಹೀಂದ್ರ 265 (30 ಎಚ್‌ಪಿ), ಮಹೀಂದ್ರ 275 (39), ಮ್ಯಾಸಿ 1035 (36), ಸ್ವರಾಜ್ 735 (40). ಇವುಗಳಲ್ಲಿ ಯಾವುದಾದರೂ ಸರಿ, ಯಾಕಂದರೆ ತಾಲ್ಲೂಕಿನ ಯಾವ ಮೆಕ್ಯಾನಿಕ್ ಬೇಕಾದರೂ ಕೈ ಹಾಕ್ತಾನೆ, ಸಾಮಾನು ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡಲ್ಲಿ ಹುಡುಕಬಹುದು. 265ಕ್ಕೆ 4 ಅಡಿ ರೋಟವೇಟರ್ ಸಾಕು; 5 ಅಡಿಯದು ಬೇಕಂದರೆ 275, 735ರ ಕಡೆ ನೋಡಿ. ದ್ರಾಕ್ಷಿ, ಹಿಪ್ಪುನೇರಳೆ ಸಾಲಿನ ಮಧ್ಯೆ ಓಡಿಸೋದೇ ಮುಖ್ಯ ಕೆಲಸ ಅಂದರೆ ಮಾತ್ರ ವಿಎಸ್‌ಟಿ ಶಕ್ತಿ 18.5 ಎಚ್‌ಪಿ ಥರದ ಮಿನಿ ಟ್ರ್ಯಾಕ್ಟರ್. ಎಚ್‌ಎಂಟಿ ಟ್ರ್ಯಾಕ್ಟರ್ ಅಗ್ಗಕ್ಕೆ ಸಿಗುತ್ತೆ, ಎಂಜಿನ್ನೂ ಗಟ್ಟಿ, ಬೆಂಗಳೂರಿನವರಿಗೆ ಆ ಹೆಸರು ಕಂಡರೆ ವಾಚ್ ಕಾಲದ ಪ್ರೀತಿ ಬೇರೆ. ಆದರೆ ಆ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚೋ ತೀರ್ಮಾನ 2016ರಲ್ಲೇ ಆಯಿತು. ಸಾಮಾನಿಗೆ ಅಲೆಯೋಕೆ ನಿಮಗೆ ಪುರುಸೊತ್ತಿಲ್ಲ, ಬಿಟ್ಟುಬಿಡಿ.

ಮಾಡೆಲ್‌ಗಿಂತ, ಇಸವಿಗಿಂತ ನಾನು ಹೆಚ್ಚು ಬೆಲೆ ಕೊಡೋದು ಒಂದೇ ಪ್ರಶ್ನೆಗೆ: ಈ ಗಾಡಿ ಇಷ್ಟು ವರ್ಷ ಏನು ಕೆಲಸ ಮಾಡ್ತಿತ್ತು? ಬಣ್ಣ ಎರಡು ದಿನದಲ್ಲಿ ಹೊಡೀಬಹುದು. ಅವರ್ ಮೀಟರ್‌ನ (ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸೋದು) ಕೇಬಲ್ ಬಿಚ್ಚಿಟ್ಟರೆ ಅದು ನಿಂತಲ್ಲೇ ನಿಲ್ಲುತ್ತೆ, ಅದನ್ನ ನಂಬಬೇಡಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳೋ ಹಾಗೆ ಟ್ರ್ಯಾಕ್ಟರ್‌ಗೂ ಹಲ್ಲು ಇವೆ.

ಬೆಂಗಳೂರು ಸುತ್ತಮುತ್ತ ಮಾರಾಟಕ್ಕೆ ಬರೋದರಲ್ಲಿ ನೀರಿನ ಟ್ಯಾಂಕರ್ ಎಳೆದ ಗಾಡಿಗಳು ಬಹಳ. ಹೊಲ ಕಂಡಿರಲ್ಲ, ಲೇಔಟ್‌ನಿಂದ ಲೇಔಟ್‌ಗೆ ನಾಲ್ಕೈದು ಸಾವಿರ ಲೀಟರ್ ನೀರು ಹೊತ್ತು ದಿನಕ್ಕೆ ಎಂಟ್ಹತ್ತು ಟ್ರಿಪ್. ಪತ್ತೆ ಹಚ್ಚೋದು ಸುಲಭ. ಹಿಂದಿನ ಟೈರಿನ ಗಟ್ಟಿಗಳು (ಮೇಲಿನ ಉಬ್ಬು ಪಟ್ಟಿಗಳು) ನಡುವೆ ಸವೆದು ಚಪ್ಪಟೆಯಾಗಿ, ಅಂಚಲ್ಲಿ ಮಾತ್ರ ಎತ್ತರ ಉಳಿದಿರುತ್ತೆ. ಅದು ಟಾರ್ ರಸ್ತೆಯ ಸವೆತ. ಟ್ರೈಲರ್ ಪಿನ್ ಕೂರೋ ತೂತು ದುಂಡಗಿರದೆ ಮೊಟ್ಟೆ ಆಕಾರಕ್ಕೆ ಹಿಗ್ಗಿರುತ್ತೆ. ಕ್ಲಚ್ ಪೆಡಲ್‌ನ ಗೆರೆ ಸವೆದು ಕಬ್ಬಿಣ ಹೊಳೀತಿರುತ್ತೆ. ಆದರೆ ಲಿಫ್ಟ್‌ನ (ಹಿಂದೆ ಕಲ್ಟಿವೇಟರ್ ಎತ್ತೋ ಹೈಡ್ರಾಲಿಕ್) ಕೆಳತೋಳು, ಬಾಲ್‌ಗಳು ಹೊಸದರ ಹಾಗೆ! ಮಾರೋನು ಅದನ್ನೇ ತೋರಿಸಿ "ಹೈಡ್ರಾಲಿಕ್ ನೋಡಿ ಸಾರ್, ಕೈಯೇ ಹಚ್ಚಿಲ್ಲ" ಅಂತಾನೆ. ಕೈ ಹಚ್ಚಿಲ್ಲದೇ ಇರೋದೇ ತೊಂದರೆ, ಸೀಲ್ ಒಣಗಿ ಸೆಟೆದುಕೊಂಡಿರುತ್ತೆ. ಅಂಥದ್ದರಲ್ಲಿ ಕ್ಲಚ್, ಬ್ರೇಕ್, ಗೇರ್ ಮೂರೂ ದಣಿದಿರುತ್ತವೆ.

ಕೆಸರು ಗದ್ದೆಯಿಂದ ಬಂದಿದ್ದರೆ ಬೇರೆ ರೋಗ: ಮುಂದಿನ ಹಬ್ ಬೇರಿಂಗ್, ಹಿಂದಿನ ಆಕ್ಸಲ್‌ನ ಆಯಿಲ್ ಸೀಲ್. ಚಕ್ರದ ಒಳಮಗ್ಗುಲಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದೆಯಾ ನೋಡಿ. ರಾಗಿ, ಕಡಲೆಕಾಯಿ ಹೊಲದಲ್ಲಿ ಒಬ್ಬರೇ ಓಡಿಸಿದ, ಬಣ್ಣ ಮಾಸಿದ ಗಾಡಿ ಸಿಕ್ಕರೆ ಹತ್ತು-ಹದಿನೈದು ಸಾವಿರ ಜಾಸ್ತಿ ಆದರೂ ಅದಕ್ಕೇ ಹೋಗಿ.

ಎಂಜಿನ್ ನೋಡೋಕೆ ಬೆಳಗ್ಗೆ ಬೇಗ ಹೋಗಿ. ಸ್ಟಾರ್ಟ್ ಮಾಡಿರಬೇಡಿ ಅಂತ ಹಿಂದಿನ ದಿನವೇ ಫೋನ್‌ನಲ್ಲಿ ಹೇಳಿ, ಹೋದ ತಕ್ಷಣ ಎಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನಿಮಗೆ ತೋರಿಸಬಾರದ್ದು ಏನೋ ಇದೆ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ನೀರಿನ ಮೇಲೆ ಎಣ್ಣೆ ತೇಲ್ತಿದ್ದರೆ, ಇಲ್ಲಾ ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ಡೇ ಬಿರುಕು ಬಿಟ್ಟಿರಬಹುದು. ಅಲ್ಲಿಗೇ ಮಾತು ಮುಗಿಸಿ.

ಸ್ಟಾರ್ಟ್ ಮಾಡಿದಾಗ ಮೊದಲ ಅರ್ಧ ನಿಮಿಷ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಣ್ಣೆ ಸುಡ್ತಿದೆ. ಕಪ್ಪು ಹೊಗೆ ಅಷ್ಟು ಭಯದ್ದಲ್ಲ, ನಾಜಲ್ (ಡೀಸೆಲ್ ಚಿಮ್ಮಿಸೋದು) ಅಥವಾ ಏರ್ ಕ್ಲೀನರ್ ಕೆಲಸ ಇರಬಹುದು. ಆಮೇಲೆ ಎಂಜಿನ್ ಓಡ್ತಿರುವಾಗಲೇ ಆಯಿಲ್ ಹಾಕೋ ಮುಚ್ಚಳ ತೆಗೆಸಿ. ತೆಳ್ಳಗೆ ಆವಿ ಬಂದರೆ ಸಹಜ. ಬುಸ್ ಬುಸ್ ಅಂತ ಹೊಗೆ ಉಗುಳಿದರೆ ಪಿಸ್ಟನ್ ರಿಂಗ್, ಲೈನರ್ (ಪಿಸ್ಟನ್ ಓಡಾಡೋ ಕೊಳವೆ) ಸವೆದಿವೆ, ಎಂಜಿನ್ ಬೋರ್ ಕೆಲಸ ಬಂತು ಅಂತ ಅರ್ಥ. ಆ ಖರ್ಚನ್ನ ನಿಮ್ಮ ಮೆಕ್ಯಾನಿಕ್ ಹತ್ತಿರ ಬರೆಸಿಕೊಂಡು ಬೆಲೆಯಲ್ಲಿ ಪೂರ್ತಿ ಕಳೆಯಿರಿ, ಅರ್ಧ ಅಲ್ಲ.

ಬಹಳ ಜನ ನೋಡದೇ ಬಿಡೋದು ಏರ್ ಕ್ಲೀನರ್. ಹಳೆ ಮಾಡೆಲ್‌ಗಳಲ್ಲಿ ಎಣ್ಣೆ ತುಂಬೋ ಬಟ್ಟಲಿನದು ಇರುತ್ತೆ. ಕ್ಲಿಪ್ ಬಿಚ್ಚಿ ಬಟ್ಟಲು ಕೆಳಗಿಳಿಸಿ, ತಳದ ಎಣ್ಣೇನ ಎರಡು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗಿದ್ದರೆ ಒಳ್ಳೆ ಯಜಮಾನನ ಕೈಲಿತ್ತು. ಗಟ್ಟಿ ಕೆಸರಾಗಿ ಮರಳಿನ ಹಾಗೆ ಚರಚರ ಅಂದರೆ, ಅಥವಾ ಎಣ್ಣೆಯೇ ಇಲ್ಲದೆ ಒಣಗಿದ್ದರೆ ರೋಟವೇಟರ್ ಎಬ್ಬಿಸಿದ ಕೆಂಪು ಧೂಳೆಲ್ಲಾ ಲೈನರ್‌ಗೇ ಹೋಗಿದೆ. ಹೊರಗೆ ಎಷ್ಟು ಪಾಲಿಶ್ ಮಾಡಿದರೂ ಈ ಬಟ್ಟಲು ತೊಳೆಯೋದನ್ನ ಮರೆತಿರ್ತಾರೆ.

ಹೈಡ್ರಾಲಿಕ್‌ನ ಬರೀ ಮೇಲೆ ಕೆಳಗೆ ಆಡಿಸಿ ತೋರಿಸಿದರೆ ಒಪ್ಪಬೇಡಿ. 9 ಗುಳದ ಕಲ್ಟಿವೇಟರ್ ಕಟ್ಟಿಸಿ, ಅರ್ಧ ಗಂಟೆ ಹೊಲದಲ್ಲಿ ನಿಜವಾಗಿ ಹೊಡೆಸಿ. ಈ ಅರ್ಧ ಗಂಟೆ ಯಾಕೆ ಮುಖ್ಯ ಅಂದರೆ, ತಣ್ಣಗಿನ ಎಣ್ಣೆ ಮಂದ, ಸವೆದ ಸೀಲ್‌ನಲ್ಲೂ ಅಷ್ಟು ಬೇಗ ಸೋರಲ್ಲ; ಬಿಸಿಯಾಗಿ ತೆಳ್ಳಗಾದಾಗ ನಿಜ ಹೊರಗೆ ಬೀಳುತ್ತೆ. ಕೆಲಸ ಮುಗಿದ ಮೇಲೆ ಕಲ್ಟಿವೇಟರ್ ಪೂರ್ತಿ ಎತ್ತಿ ಎಂಜಿನ್ ಆಫ್ ಮಾಡಿಸಿ, ಪಕ್ಕದಲ್ಲಿ ಒಂದು ಕೋಲು ನೆಟ್ಟು ಗುಳದ ಮಟ್ಟಕ್ಕೆ ಗುರುತು ಹಾಕಿ, ದೂರ ನಿಂತು ಹತ್ತು ನಿಮಿಷ ಕಾಯಿರಿ. ಒಂದೆರಡು ಇಂಚು ಇಳಿದರೆ ಬಾಳುತ್ತೆ. ನೆಲಕ್ಕೇ ಕೂತರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್. ಎಂಜಿನ್ ಓಡ್ತಿರುವಾಗ ನಿಮಿಷಕ್ಕೊಂದು ಸಲ ತಾನೇ ಜರ್ಕ್ ಹೊಡೆದು ಎತ್ತಿಕೊಳ್ತಿದ್ದರೂ ಅದೇ ರೋಗ. ಮ್ಯಾಸಿಯಲ್ಲಿ ಪಂಪ್ ಹಿಂದಿನ ಹೌಸಿಂಗ್ ಒಳಗೆ ಎಣ್ಣೆಯಲ್ಲೇ ಮುಳುಗಿರುತ್ತೆ, ರಿಪೇರಿಗೆ ಲಿಫ್ಟ್ ಕವರ್ ಬಿಚ್ಚಲೇಬೇಕು, ಅದಕ್ಕೇ ಕೂಲಿ ಜಾಸ್ತಿ.

ಅದೇ ಅರ್ಧ ಗಂಟೆಯಲ್ಲಿ ಇನ್ನೆರಡು ಗೊತ್ತಾಗುತ್ತೆ. ಗುಳ ಆಳಕ್ಕೆ ಇಳಿದಾಗ ಎಂಜಿನ್ ಶಬ್ದ ಏರಿ ಗಾಡಿ ಮುಂದೆ ಹೋಗದಿದ್ದರೆ, ಚಕ್ರವೂ ತಿರುಗದಿದ್ದರೆ ಕ್ಲಚ್ ಜಾರ್ತಿದೆ. ಲೋಡ್‌ನಲ್ಲಿ ಗೇರ್ ತಾನೇ ನ್ಯೂಟ್ರಲ್‌ಗೆ ಹಾರಿದರೆ ಗೇರ್ ಹಲ್ಲು ಸವೆದಿರಬಹುದು. ಹೌಸಿಂಗ್ ಬಿಚ್ಚೋ ಕೆಲಸ, ಬೇಡ.

ಬ್ರೇಕ್ ಎಡ-ಬಲ ಎರಡೂ ಬೇರೆಬೇರೆ ಒತ್ತಿ ನೋಡಿ. ಮುಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು ಚಕ್ರವನ್ನ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಬುಷ್, ಇವು ಸಣ್ಣ ಖರ್ಚು. ಟೈರಿನ ಖರ್ಚು ಸಣ್ಣದಲ್ಲ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತೆ, 2316 ಅಂದರೆ 2016ರ 23ನೇ ವಾರದ್ದು. ಗಟ್ಟಿ ಎತ್ತರವಿದ್ದರೂ ಪಕ್ಕ ಬಿರುಕು ಬಿಟ್ಟಿದ್ದರೆ ಅದು ಲೆಕ್ಕಕ್ಕಿಲ್ಲ.

ಕಾಗದ ಪತ್ರಕ್ಕೆ ಬರೋಣ. ಟ್ರೈಲರ್‌ಗೆ ಬೇರೆ ಆರ್‌ಸಿ (ನೋಂದಣಿ ಪತ್ರ) ಇರಬೇಕು, ಇಲ್ಲದಿದ್ದರೆ ಅದಕ್ಕೆ ಬೆಲೆ ಕಟ್ಟಬೇಡಿ. ನಂಬರ್ ಹಾಕಿ ಎಂಪರಿವಾಹನ್ ಆಪ್‌ನಲ್ಲಿ ಹೈಪೋಥಿಕೇಶನ್ (ಗಾಡಿ ಮೇಲಿನ ಸಾಲದ ನಮೂದು) ಇದೆಯಾ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಫಾರಂ 35 (ಆ ನಮೂದು ತೆಗೆಸೋದು) ಕೈಗೆ ಬರೋವರೆಗೂ ಅಡ್ವಾನ್ಸ್ ಕೂಡ ಕೊಡಬೇಡಿ. "ಲೋನ್ ತೀರಿದೆ, ಕಾಗದ ಆಮೇಲೆ" ಅನ್ನೋ ಮಾತಿಗೆ ಕೊನೆಯಿಲ್ಲ. 15 ವರ್ಷ ಮುಗಿದಿದ್ದರೆ ಆರ್‌ಸಿ ನವೀಕರಣ ಮಾರೋನೇ ಮಾಡಿಸಿಕೊಡಲಿ. ಹೊಸೂರು, ಹಿಂದೂಪುರದ ಕಡೆಯಿಂದ ಬರೋ ಗಾಡಿ ಅಗ್ಗ ಅನ್ನಿಸುತ್ತೆ, ಆದರೆ ಅದಕ್ಕೆ ಅಲ್ಲಿನ ಆರ್‌ಟಿಓ ಎನ್‌ಒಸಿ ಬೇಕು, ಇಲ್ಲಿ ಕೆಎ ನಂಬರ್ ಹಾಕಿಸಬೇಕು. ಆ ಓಡಾಟ ಸೇರಿಸಿ ಲೆಕ್ಕ ಹಾಕಿ.

ಚಾಸಿಸ್, ಎಂಜಿನ್ ನಂಬರ್ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡು, ಆರ್‌ಸಿ ಜೊತೆ ಅಂಕಿ ಅಂಕಿ ಹೋಲಿಸಿ. ಗಾಡಿ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸಹಿ ನಿಮ್ಮೆದುರೇ ಆಗಲಿ. ಹದಿನೈದು-ಇಪ್ಪತ್ತು ಸಾವಿರ ಬಾಕಿ ಹಿಡಿದಿಟ್ಟು, ಆರ್‌ಸಿ ನಿಮ್ಮ ಹೆಸರಿಗೆ ಬಂದ ದಿನ ಕೊಡಿ. ಇದಕ್ಕೆ ಒಪ್ಪದವನ ಹತ್ತಿರ ಗಾಡಿ ಎಷ್ಟೇ ಚೆನ್ನಾಗಿದ್ದರೂ ನಾನಂತೂ ತಗೊಳ್ಳಿ ಅನ್ನಲ್ಲ.